ಮಕ್ಕಳ ಮಿತಾಹಾರ, ಆ್ಯಪ್ ಮತ್ತು ನೀತಿ

ಸ್ಥೂಲಕಾಯದ ಮಕ್ಕಳಿಗೆ ಹಿತಮಿತವಾದ ಊಟ ರೂಢಿಸಲೆಂದು ತಯಾರಾದ ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತವೆ: ತಿಂದದ್ದನ್ನು ದಾಖಲಿಸುತ್ತವೆ, ಅದಕ್ಕೆ ಬಣ್ಣವನ್ನೋ ಅಂಕವನ್ನೋ ಕೊಡುತ್ತವೆ, ಗುರಿ ಮುಟ್ಟಿದರೆ ಬಹುಮಾನ ನೀಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 16 ಕೋಟಿ ಮಂದಿಗೆ ಸ್ಥೂಲಕಾಯವಿತ್ತು. ನೆರವು ಬೇಕೆಂಬುದರಲ್ಲಿ ವಿವಾದವಿಲ್ಲ. ಮಗುವಿನ ಬಯಕೆಯನ್ನು ತಿದ್ದುವ ಹಕ್ಕು ಯಾರದು, ತಿದ್ದುವ ಸರಿಯಾದ ಬಗೆ ಯಾವುದು ಎಂಬುದೇ ಪ್ರಶ್ನೆ.

ಹಕ್ಕಿನ ಪ್ರಶ್ನೆಗೆ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ನ ‘ಆನ್ ಲಿಬರ್ಟಿ’ (1859) ಅರ್ಧ ಉತ್ತರ ಕೊಡುತ್ತದೆ. ಒಬ್ಬನ ಒಳಿತಿಗೆಂದೇ ಅವನನ್ನು ಬಲವಂತಪಡಿಸಬಾರದು ಎಂದ ಮಿಲ್, ಆ ನಿಯಮದಿಂದ ಮಕ್ಕಳನ್ನು ಹೊರಗಿಟ್ಟ. ಆದರೆ ಹೆತ್ತವರ ಅಧಿಕಾರ ವಾತ್ಸಲ್ಯ ಮತ್ತು ಹೊಣೆಯ ಜೊತೆ ಬಂದದ್ದು. ಅದು ಕಂಪನಿಗೆ ತಾನಾಗಿ ವರ್ಗವಾಗದು. ಅಮೆರಿಕದಲ್ಲಿ 2019ರಲ್ಲಿ ಡಬ್ಲ್ಯುಡಬ್ಲ್ಯು (ಹಿಂದಿನ ವೇಯ್ಟ್ ವಾಚರ್ಸ್) 8ರಿಂದ 17 ವರ್ಷದವರಿಗೆ ಹೊರತಂದ ‘ಕುರ್ಬೊ’ ಆ್ಯಪ್ ಇದಕ್ಕೆ ನಿದರ್ಶನ. ಅದು 13 ವರ್ಷದೊಳಗಿನವರ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದೆ ಎಂದು ಅಲ್ಲಿನ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2022ರ ರಾಜಿಯಂತೆ ಕಂಪನಿ 15 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಆ ಮಾಹಿತಿಯನ್ನೂ ಅದರಿಂದ ಕಟ್ಟಿದ ಅಲ್ಗಾರಿದಮ್‌ಗಳನ್ನೂ ಅಳಿಸಬೇಕಾಯಿತು.

ಬಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಭಗವದ್ಗೀತೆಯ 6ನೇ ಅಧ್ಯಾಯ ಅತಿಯಾಗಿ ಉಣ್ಣುವುದನ್ನೂ ಉಣ್ಣದೇ ಇರುವುದನ್ನೂ ಸಮನಾಗಿ ನಿರಾಕರಿಸುತ್ತದೆ. ಸಂಯಮ ಅಭ್ಯಾಸದಿಂದ ಬರುತ್ತದೆ ಎನ್ನುವ ಅರಿಸ್ಟಾಟಲ್, ಬಯಕೆಯನ್ನು ಹಲ್ಲುಕಚ್ಚಿ ತಡೆಯುವವನನ್ನೂ ಮಿತದಲ್ಲೇ ಸಂತೋಷ ಕಾಣುವವನನ್ನೂ ಬೇರೆಯಾಗಿ ನೋಡುತ್ತಾನೆ. ನಿಜವಾದ ಸಂಯಮಿ ಎರಡನೆಯವನು. ಅಂಕದಾಸೆಗೆ ಸೊಪ್ಪು ತಿನ್ನುವ ಮಗು ಇವರಿಬ್ಬರಿಗಿಂತಲೂ ಹಿಂದಿದೆ. ಎಲ್ಲ ಅಭ್ಯಾಸವೂ ಹೊರಗಿನ ಒತ್ತಾಸೆಯಿಂದಲೇ ಶುರುವಾಗುತ್ತದೆ, ತಾಯಿಯ ಮೆಚ್ಚುಗೆಯೂ ಅಂಥದ್ದೇ ಎಂಬ ಸಮರ್ಥನೆ ಸರಿ. ಆದರೆ ತಾಯಿ ಕ್ರಮೇಣ ಹಿಂದೆ ಸರಿಯುತ್ತಾಳೆ. ಚಂದಾ ಹಣದಿಂದ ನಡೆಯುವ ಆ್ಯಪ್‌ಗೆ ಮಗು ಬಿಟ್ಟುಹೋಗದಿರುವುದರಲ್ಲೇ ಲಾಭ. ಹೊಟ್ಟೆ ತುಂಬಿತೇ ಎಂದು ಪರದೆಯನ್ನು ಕೇಳುವ ಮಗು ಕಲಿತದ್ದು ಅವಲಂಬನೆಯನ್ನು. ಕುರ್ಬೊ ತಿನಿಸುಗಳನ್ನು ಸಿಗ್ನಲ್ ದೀಪದಂತೆ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿತ್ತು. ಕೆಂಪು ತಿನಿಸಿನ ಮೇಲಿನ ತೀರ್ಪು ಅದನ್ನು ತಿಂದ ಮಗುವಿನ ಮೇಲಿನ ತೀರ್ಪಾಗಿ, ನಾಚಿಕೆಯಾಗಿ ಬದಲಾಗುವ ಅಪಾಯ ಇಂಥ ವಿಂಗಡಣೆಯಲ್ಲಿದೆ.

ಇನ್ನು ಹೊಣೆಯ ಮಾತು. ಕೈಲಾಗದ್ದನ್ನು ಕರ್ತವ್ಯವೆನ್ನಲಾಗದು ಎಂಬುದು ನೀತಿಶಾಸ್ತ್ರದ ಹಳೆಯ ನಿಯಮ. ದಿನಸಿ ತರುವವರು, ಅಡುಗೆ ಮಾಡುವವರು, ಕುರುಕಲು ತಿಂಡಿಯ ಜಾಹೀರಾತು ಮಾಡುವವರು ಎಲ್ಲರೂ ದೊಡ್ಡವರೇ ಆಗಿರುವಾಗ, ಲೆಕ್ಕವನ್ನು ಮಗುವಿನಿಂದ ಮಾತ್ರ ಕೇಳುವುದು ಅನ್ಯಾಯ. ಆದ್ದರಿಂದ ಇಂಥ ಆ್ಯಪ್ ತೂಕಕ್ಕಿಂತ ಊಟದ ಕ್ರಮವನ್ನು ಗಮನಿಸಬೇಕು, ಮನೆಯವರೆಲ್ಲರನ್ನೂ ಒಳಗೊಳ್ಳಬೇಕು, ಬಹುಮಾನವನ್ನು ಮೆಲ್ಲಗೆ ಇಳಿಸುತ್ತ ಕೊನೆಗೆ ತಾನೇ ಬೇಡವಾಗಬೇಕು.