ಗಾಯ ಮಾಯ್ದ ಮೇಲಿನ ನೋವು



ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಶಿವನಲ್ಲಿ ನಂಬಿಗೆ ಸಾಲದ್ದರ ಗುರುತೇ? ಕಳೆದ ಮಳೆಗಾಲದಲ್ಲಿ ವಾಲ್ಪಾರೈಗೆ ಹೋಗಿ ಬಂದಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಅಲ್ಲಿ ಟೀ ತೋಟದವರಿಗೆ ದಿನಸಿ ಮಾರುವ ಶ್ರೀಮಠದ ಭಕ್ತರೊಬ್ಬರಿಗೆ ಕೊಯಮತ್ತೂರಿನಲ್ಲಿ ಶ್ವಾಸಕೋಶದ ಒಂದು ಭಾಗ ತೆಗೆದಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಹೊಲಿಗೆ ಬಿಚ್ಚಿ ನಾಲ್ಕು ತಿಂಗಳಾದರೂ ಪಕ್ಕೆಯಲ್ಲಿ ಉರಿ. ಅಂಗಿ ತಗುಲಿದರೆ, ಶಿವದಾರ ಸೋಕಿದರೆ ಕೆಂಡ ಇಟ್ಟಂತೆ. ತಪಾಸಣೆಗೆ ಹೋಗಿ ಬರುವಾಗ ಆಳಿಯಾರಿನಿಂದ ಮೇಲಿನ 40 ತಿರುವುಗಳಲ್ಲೂ ಬಸ್ಸು ವಾಲಿದಂತೆಲ್ಲ ಹಲ್ಲು ಕಚ್ಚಿ ಕೂರುತ್ತಿದ್ದರು. "ಎಕ್ಸ್‌ರೇ ಸರಿಯಿದೆ, ಇನ್ನೆಲ್ಲಿಯ ನೋವು?" ಎಂದರು ಮನೆಯವರು. ಪೂರ್ವಕರ್ಮವೆಂದರು ನೆಂಟರು. ನಾವೂ ಕಡಿಮೆಯಲ್ಲ. "ಬಂದದ್ದೆಲ್ಲ ಶಿವಪ್ರಸಾದವೆಂದು ಸಹಿಸಿಕೊಳ್ಳಿ ಯಜಮಾನರೇ" ಎಂದು ಉಪದೇಶಿಸಿ, ಅವರ ಮನೆಯಲ್ಲೇ ಪ್ರಸಾದ ಮಾಡಿ ಬಂದೆವು.

ಅವರು ನಮ್ಮ ಮಾತನ್ನು ನಡೆಸಿದರು. ನೋವೆನ್ನಲಿಲ್ಲ. ನೋಯದಿರಲೆಂದು ಅರ್ಧ ಉಸಿರನ್ನೇ ಎಳೆದರು, ಕೆಮ್ಮನ್ನು ತಡೆದರು. ಕಫ ಒಳಗೇ ನಿಂತು ನ್ಯುಮೋನಿಯಾ ಆಗಿ ಮತ್ತೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದರು.

ಆಗ ಡಾಕ್ಟರು ಬಿಡಿಸಿ ಹೇಳಿದರು. ಶ್ವಾಸಕೋಶಕ್ಕೆ ತನ್ನ ನೋವು ತಿಳಿಯದು. ಅದನ್ನು ಮುಟ್ಟಲು ಪಕ್ಕೆಲುಬುಗಳನ್ನು ಅಗಲಿಸಬೇಕು. ಎಲುಬಿನ ಕೆಳ ಅಂಚಿನಲ್ಲಿ ಓಡುವ ನರ ಆಗ ಜಜ್ಜಿಹೋಗಬಹುದು. ಚರ್ಮ ಬೇಗ ಮಾಯುತ್ತದೆ, ನರ ಅಷ್ಟು ಬೇಗ ಮಾಯುವುದಿಲ್ಲ. ಎದೆ ತೆರೆಸಿಕೊಂಡವರಲ್ಲಿ ಎರಡು ತಿಂಗಳ ಮೇಲೂ ನೋವು ಉಳಿಯುವವರು ಬಹಳ ಮಂದಿ. ಇದಕ್ಕೆ ಸಾಮಾನ್ಯ ನೋವಿನ ಗುಳಿಗೆ ಅಷ್ಟಾಗಿ ನಾಟದು. ನರದ ಗುಳಿಗೆಯನ್ನು ವೈದ್ಯರು ಹೇಳಿದಂತೆ ವಾರಗಟ್ಟಲೆ ನುಂಗಬೇಕು, ಪಕ್ಕೆಗೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು, ಭುಜ ಆಡಿಸುತ್ತಿರಬೇಕು. ಹೊಸದಾಗಿ ಜ್ವರ, ಉಬ್ಬಸ, ಗಾಯದಲ್ಲಿ ಕೀವು ಕಂಡರೆ ಅಂದೇ ಘಟ್ಟ ಇಳಿಯಬೇಕು.

ಹೆದರಬೇಕಾದ್ದಿಲ್ಲ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಎವಾರ್ಟ್ಸ್ ಗ್ರಹಾಂ ಎಂಬವರು ಕ್ಯಾನ್ಸರಿಗಾಗಿ ರೋಗಿಯೊಬ್ಬರ ಎಡ ಶ್ವಾಸಕೋಶವನ್ನು ಪೂರ್ತಿಯಾಗಿಯೇ ತೆಗೆದರು, ಜೊತೆಗೆ ಹಲವು ಪಕ್ಕೆಲುಬುಗಳನ್ನೂ. ಆ ರೋಗಿಯೂ ವೈದ್ಯರೇ. ತಮ್ಮ ಕಾಯಕಕ್ಕೆ ಮರಳಿ ಸುಮಾರು 30 ವರ್ಷ ಬದುಕಿದರು.

ಹಾಗಾದರೆ ಸಹನೆಗೆ ಬೆಲೆಯಿಲ್ಲವೇ? ಇದೆ. ನೋವುಂಡವನು ಅದನ್ನು ಪ್ರಸಾದವೆಂದು ತನಗೆ ತಾನೇ ಹೇಳಿಕೊಂಡರೆ ಅದು ಅವನ ಭಕ್ತಿ. ನೋವಿಲ್ಲದ ನಾವು ಅದೇ ಮಾತನ್ನು ಅವನಿಗೆ ಹೇಳಿದರೆ ಅವನ ಬಾಯಿ ಮುಚ್ಚಿಸಿದಂತೆ. ಮಠದ ಲೆಕ್ಕ ಬರೆಯುವ ನಾವು ಪುಸ್ತಕ ನೋಡದೆ ಯಾರ ಬಾಕಿಯನ್ನೂ ಹೊಡೆದುಹಾಕುವುದಿಲ್ಲ. ನೋವಿನ ಪುಸ್ತಕವಂತೂ ಅವರೊಬ್ಬರ ಬಳಿಯೇ ಇತ್ತು, ನಾವು ಕೇಳಿ ನೋಡಲಿಲ್ಲ.

ಎರಡನೆಯ ಸಲ ಹೋದಾಗ ತಪ್ಪಾಯಿತೆಂದೆವು. ಅವರು ನಕ್ಕು, ಸಂಕೋಚದಿಂದ ಒಂದು ಮಾತು ಕೇಳಿದರು: ಲಿಂಗವನ್ನು ಎದೆಯ ಮೇಲೆಯೇ ಧರಿಸಬೇಕೇ? ತಲೆ, ಕಂಠ, ಕಂಕುಳು, ಎದೆ, ಹೊಟ್ಟೆ, ಕೈ, ಇವೆಲ್ಲ ಸಲ್ಲುವ ಸ್ಥಾನಗಳೆಂದು ಸಿದ್ಧಾಂತ ಶಿಖಾಮಣಿಯೇ ಹೇಳಿದೆ. ಎಷ್ಟು ತಿಂಗಳಿಂದ ಈ ಪ್ರಶ್ನೆಯನ್ನು ನುಂಗಿಕೊಂಡಿದ್ದರೋ! ಈಗ ದಾರ ಗಿಡ್ಡ ಮಾಡಿಸಿ ಕಂಠದಲ್ಲಿ ಧರಿಸಿದ್ದಾರೆ. ಚಳಿ ಮಳೆಗೆ ನೋವು ಇನ್ನೂ ಏಳುತ್ತದೆ. ಅಂಥ ದಿನ ಮನೆಯವರಿಗೆ ಹೇಳಿ, ಅಂಗಡಿಯನ್ನು ಹತ್ತು ಗಂಟೆಗೆ ತೆರೆಯುತ್ತಾರೆ.