ನಾನಿಲ್ಲದಿದ್ದರೂ

"ನಾನಿಲ್ಲದಿದ್ದರೆ ಈ ಮನೆ ಒಂದು ದಿನವೂ ನಡೆಯುವುದಿಲ್ಲ" ಎಂಬ ಮಾತನ್ನು ಒಮ್ಮೆಯಾದರೂ ಆಡದ ಗೃಹಿಣಿ ಇದ್ದಾಳೆಯೆ? ಮೇಲುನೋಟಕ್ಕೆ ಅದು ದೂರು. ಒಳಗೆ ತುಸು ಹೆಮ್ಮೆಯೂ ಇದೆ. ಮನೆಯ ಮಟ್ಟಿಗೆ ಹೇಗೋ ನಡೆದುಹೋಗುತ್ತದೆ. ಆದರೆ ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಇದನ್ನೇ ನಾಯಕತ್ವವೆಂದು ತಿಳಿದುಕೊಂಡರೆ?

ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಕೆಲವು ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆಯನ್ನೂ ಹೊತ್ತವಳು ನಾನು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ಆರಂಭವಾದ ಯೋಜನೆ ಅದು. 'ನಾನಲ್ಲ, ನೀನು' ಎಂಬ ಅರ್ಥದ್ದು ಅದರ ಧ್ಯೇಯವಾಕ್ಯ. ವರ್ಷಕ್ಕೊಮ್ಮೆ ಯಾವುದಾದರೂ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಚರಂಡಿ ತೆಗೆಯುವುದು, ಶಾಲೆಯ ಅಂಗಳ ಸಮ ಮಾಡುವುದು, ಐವತ್ತು ಜನಕ್ಕೆ ಅಡಿಗೆ, ಸಂಜೆ ಊರವರೊಡನೆ ಕಾರ್ಯಕ್ರಮ. ಹುಡುಗಿಯರ ಸ್ವಭಾವ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಂದು ವರ್ಷದ ನಾಯಕಿ ಬಲು ಚುರುಕು. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ವಂದನಾರ್ಪಣೆಯವರೆಗೆ ಎಲ್ಲ ಅವಳದೇ. ಯಾರಾದರೂ ಕೈ ಹಾಕಿದರೆ "ಬಿಡೇ, ನಾನೇ ಮಾಡ್ತೀನಿ" ಎನ್ನುವಳು. ನಾಲ್ಕನೆಯ ದಿನ ಜ್ವರ ಬಂದು ಮಲಗಿದಳು. ಉಗ್ರಾಣದ ಬೀಗದ ಕೈ ಎಲ್ಲಿದೆ, ಯಾವ ಗುಂಪಿಗೆ ಯಾವ ಕೆಲಸ, ಒಬ್ಬರಿಗೂ ಗೊತ್ತಿಲ್ಲ. ಅಂದು ಉಪ್ಪಿಟ್ಟು ಹನ್ನೊಂದು ಗಂಟೆಗೆ.

ಮರುವರ್ಷದ ನಾಯಕಿ ಮಾತು ಕಡಿಮೆ. ಅಡಿಗೆಗೆ ದಿನಕ್ಕೊಂದು ಗುಂಪು, ಹುಡುಗರೂ ಸೇರಿ. ಮೊದಲ ದಿನವೇ ಅನ್ನ ಸೀದಿತು. ಅವಳಿಗೆ ಅಡಿಗೆ ಚೆನ್ನಾಗಿ ಬರುತ್ತಿತ್ತು, ಆದರೂ ಸೌಟು ಕಸಿದುಕೊಳ್ಳಲಿಲ್ಲ. "ನಾಳೆ ಉರಿ ಯಾವಾಗ ತಗ್ಗಿಸಬೇಕು ಅಂತ ತೋರಿಸ್ತೀನಿ" ಎಂದು ಹೇಳಿ, ತಳದ ಅನ್ನವನ್ನು ತಾನೇ ಬಡಿಸಿಕೊಂಡಳು. ಐದನೆಯ ದಿನ ಮನೆಯಿಂದ ಕರೆ ಬಂದು ಅವಳು ಹೊರಟುಹೋದಳು. ಶಿಬಿರ ನಡೆಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕೆಲವರು ಕಲಿಯಲೆಂದು ಐವತ್ತು ಜನ ಸೀದ ಅನ್ನ ಉಣ್ಣುವುದು ಯಾವ ನ್ಯಾಯ? ತಿಳಿದವಳು ಸುಮ್ಮನೆ ನಿಂತರೆ ಅದು ಹೊಣೆಗೇಡಿತನವಲ್ಲವೆ? ನಾನು ಬಹಳ ದಿನ ಯೋಚಿಸಿದ್ದೇನೆ. ನನಗನ್ನಿಸುವುದು ಇಷ್ಟು: ಕೆಟ್ಟರೆ ಮರುದಿನ ಸರಿಮಾಡಬಹುದಾದದ್ದನ್ನು ಕಲಿಯುವವರ ಕೈಗೆ ಕೊಡಬೇಕು, ಕೆಟ್ಟರೆ ಸರಿಮಾಡಲಾಗದ್ದನ್ನು ಕೊಡಬಾರದು. ಈ ಹುಡುಗಿ ಒಲೆಯನ್ನು ಬಿಟ್ಟುಕೊಟ್ಟಳು. ಆದರೆ ಕೆರೆಯ ಕಡೆ ಯಾರೂ ಒಂಟಿಯಾಗಿ ಹೋಗಕೂಡದೆಂಬ ಕಟ್ಟಳೆಯನ್ನು ಯಾರಿಗಾಗಿಯೂ ಸಡಿಲಿಸಲಿಲ್ಲ. ಖರ್ಚಿನ ಲೆಕ್ಕವನ್ನು ದಿನವೂ ರಾತ್ರಿ ಎಲ್ಲರೆದುರು ಓದಿಸಿದಳು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬ ವಿವೇಕವೇ ನಾಯಕತ್ವದ ಮೊದಲ ಪಾಠ. ಜೊತೆಗೆ, ಬಿಟ್ಟುಕೊಟ್ಟದ್ದರಿಂದಾದ ನಷ್ಟದಲ್ಲಿ ತನ್ನ ಪಾಲನ್ನು ಮೊದಲು ತೆಗೆದುಕೊಳ್ಳಬೇಕು. ಅದಿಲ್ಲದಿದ್ದರೆ ಅದು ಬರೀ ಕೆಲಸ ಹಂಚುವ ಜಾಣತನ.

ಇದನ್ನು ಕಾಲೇಜಿನಲ್ಲೇ ಏಕೆ ಕಲಿಯಬೇಕು? ಅಲ್ಲಿ ತಪ್ಪಿಗೆ ತೆರುವ ಬೆಲೆ ಕಡಿಮೆ. ಕರ್ನಾಟಕದ 1983ರ ಕಾಯಿದೆ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 2010ರಲ್ಲಿ ಅದು 50ಕ್ಕೇರಿತು. ಕುರ್ಚಿ ಬಂದಿದೆ. ಆದರೆ ಹೆಂಡತಿ ಅಧ್ಯಕ್ಷೆಯಾಗಿ, ಕಡತ ಗಂಡನ ಕೈಯಲ್ಲಿರುವ ಸಂಗತಿಯನ್ನು ನಾವೆಲ್ಲ ಕಂಡಿದ್ದೇವೆ. ಹತ್ತೊಂಬತ್ತರ ಹರೆಯದಲ್ಲಿ ಐವತ್ತು ಜನರೆದುರು ಲೆಕ್ಕ ಒಪ್ಪಿಸಿದವಳು, ನಲವತ್ತರಲ್ಲಿ ಓದದೆ ರುಜು ಹಾಕಲು ಸುಲಭಕ್ಕೆ ಒಪ್ಪಲಾರಳು.

ಆದರೂ ಕಾಲೇಜುಗಳಲ್ಲಿ ಹುಡುಗಿಯರ ಪಾಲಿಗೆ ಪ್ರಾರ್ಥನೆ, ರಂಗೋಲಿ, ಹೂಗುಚ್ಛದ ತಟ್ಟೆಗಳೇ ಹೆಚ್ಚು ಬರುವುದುಂಟು. ತಟ್ಟೆ ಹಿಡಿಯುವುದು ಕೀಳಲ್ಲ. ಸಭೆಯ ದಿನ, ಖರ್ಚು, ಅತಿಥಿ ಯಾರೆಂದು ನಿರ್ಧರಿಸುವಲ್ಲಿಯೂ ಅವಳಿರಬೇಕು.

ಇನ್ನು ಮುಂದೆ ಮಗಳು ಕಾಲೇಜಿನ ಸುದ್ದಿ ತಂದಾಗ "ನಿನಗೇನು ಪದವಿ ಸಿಕ್ಕಿತು?" ಎಂದಷ್ಟೇ ಕೇಳಬೇಡಿ. "ನೀನು ಒಂದು ದಿನ ಹೋಗದಿದ್ದರೆ ಆ ಕೆಲಸ ಯಾರು ಮಾಡುತ್ತಾರೆ?" ಎಂದೂ ಕೇಳಿ. ಅವಳು ಒಂದೆರಡು ಹೆಸರು ಹೇಳಿದರೆ ಸಂತೋಷಪಡಿ. ಆಮೇಲೆ ಅದೇ ಪ್ರಶ್ನೆಯನ್ನು ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾವೂ ಕೇಳಿಕೊಳ್ಳೋಣ.