ಉಣ್ಣೆಯ ಸಂಗ್ರಹವೂ ಕೈಯ ಕೆಲಸವೂ

ಒಳ್ಳೇ ಕೆಲಸದ ಮೇಲಣ ಪ್ರೀತಿಯು ಮನುಷ್ಯನನ್ನು ಕೆಟ್ಟ ಅಭ್ಯಾಸಕ್ಕೆ ನಡಿಸುವದುಂಟೋ? ಕುಡಿಕತನ, ಜೂಜು ಮುಂತಾದವುಗಳ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಅವುಗಳ ಕೇಡು ಎಲ್ಲರಿಗೂ ಕಾಣುತ್ತದೆ. ಆದರೆ ಹಿರಿಯರು ಮೆಚ್ಚಿದ, ಮನೆಗೆ ಉಪಯುಕ್ತವಾದ ಕೆಲಸವೊಂದರ ನೆರಳಿನಲ್ಲಿ ದುಂದುಗಾರಿಕೆಯು ಒಳಗೆ ಬಂದರೆ ಅದನ್ನು ಗುರುತಿಸುವದು ಕಷ್ಟ. ಈ ಪ್ರಶ್ನೆಯನ್ನು ಉಣ್ಣೆಯ ಹೆಣಿಗೆ, ಕ್ರೋಶಾ ಎಂಬ ಎರಡು ಕೈಕೆಲಸಗಳ ದೃಷ್ಟಾಂತದಿಂದ ವಿಚಾರಿಸೋಣ.

ಎರಡು ಕಡ್ಡಿಗಳಿಂದ ಕುಣಿಕೆಗೆ ಕುಣಿಕೆ ಸೇರಿಸುತ್ತಾ ಹೋಗುವದು ಹೆಣಿಗೆ. ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿಯಿಂದ ಮಾಡುವದು ಕ್ರೋಶಾ. ಕೂಸಿನ ಕುಲಾವಿಯನ್ನೂ ಮೇಜಿನ ಮೇಲೆ ಹಾಸುವ ಜಾಲರಿ ಬಟ್ಟೆಯನ್ನೂ ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಈ ಕೆಲಸಗಳ ಮೊದಲನೆಯ ಗುಣವೇನಂದರೆ, ಅವುಗಳಿಗೆ ಬಂಡವಾಳ ಸ್ವಲ್ಪವೇ ಸಾಕು. ಐರ್ಲೆಂಡ್ ದೇಶದಲ್ಲಿ 1845ರಿಂದ ಆಲೂಗಡ್ಡೆಯ ಬೆಳೆಯು ರೋಗದಿಂದ ಹಾಳಾಗಿ ಘೋರ ಕ್ಷಾಮ ಉಂಟಾಯಿತು. ಆಗ 1847ರಲ್ಲಿ ಕ್ಲೋನ್ಸ್ ಎಂಬ ಊರಿನ ಸಭಾಪಾಲಕರ ಪತ್ನಿಯಾದ ಕಸಾಂಡ್ರ ಹ್ಯಾಂಡ್ ಎಂಬವರು ಅಲ್ಲಿಯ ಬಡ ಹೆಂಗಸರಿಗೆ ಕ್ರೋಶಾ ಕೆಲಸವನ್ನು ಕಲಿಸುವ ಏರ್ಪಾಡು ಮಾಡಿದರು. ಒಂದು ಕೊಕ್ಕೆ, ಸ್ವಲ್ಪ ದಾರ, ಇಷ್ಟರಿಂದಲೇ ಅನೇಕ ಕುಟುಂಬಗಳು ಅನ್ನ ಕಂಡವು. ನಮ್ಮ ನೆರೆಯ ಆಂಧ್ರ ಸೀಮೆಯ ನರಸಾಪುರದ ಸುತ್ತಲೂ ಮಿಶನರಿಗಳು ಕಲಿಸಿದ ಇದೇ ಕೆಲಸವು ಬಡ ಹೆಂಗಸರ ಜೀವನೋಪಾಯವಾಗಿ ಬೆಳೆಯಿತು. ಅವರಿಗೆ ಸಿಕ್ಕುವ ಕೂಲಿಯು ಬಹಳ ಕಡಿಮೆ ಎಂಬದನ್ನು ಮರಿಯಾ ಮೀಸ್ ಎಂಬ ವಿದ್ವಾಂಸರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಇಂಥವರ ಮನೆಯಲ್ಲಿ ದಾರವು ಕೂಡಿಟ್ಟ ಪದಾರ್ಥವಲ್ಲ. ಅದು ಬಂದ ಹಾಗೆಯೇ ಕೈಯ ಮೂಲಕ ಹೊರಟು ಹೋಗುತ್ತದೆ.

ಯಂತ್ರಗಳು ಅಗ್ಗವಾದ ಕಾಲುಚೀಲವನ್ನೂ ಅಂಗಿಯನ್ನೂ ಕೊಡಲಾರಂಭಿಸಿದ ಮೇಲೆ ಕೈಹೆಣಿಗೆಯು ಅವಶ್ಯಕತೆಯಿಂದ ವಿನೋದಕ್ಕೆ ಜಾರಿತು. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಜನರು ಮನೆಗಳಲ್ಲಿ ಮುಚ್ಚಲ್ಪಟ್ಟಿದ್ದಾಗ, ಬಾಲ್ಯದಲ್ಲಿ ಕಲಿತು ಮರೆತಿದ್ದ ಕಡ್ಡಿಗಳನ್ನು ಅನೇಕರು ಪುನಃ ಕೈಗೆ ತೆಗೆದುಕೊಂಡರು. ಇದು ಸಂತೋಷಪಡತಕ್ಕ ಸಂಗತಿಯೇ. ಕೈ ನೆಮ್ಮದಿಯಾಗಿ ಆಡುವಾಗ ಮನಸ್ಸಿನ ಕಳವಳ ಇಳಿಯುತ್ತದೆ. ತಪ್ಪಿದ ಸಾಲನ್ನು ಬಿಚ್ಚಿ ಅದೇ ದಾರದಿಂದ ಮತ್ತೊಮ್ಮೆ ಹೆಣೆಯಬಹುದು. ಆದರೆ ಕೆಲಸದ ಸಂಗಡ ಅಂಗಡಿಯೂ ಮನೆಗೆ ಬಂತು. ಕೂತಲ್ಲಿಂದಲೇ ಫೋನಿನ ಮೇಲೆ ಬೆರಳಿಟ್ಟರೆ ನೂರು ಬಣ್ಣದ ಉಣ್ಣೆ ಬಾಗಲಿಗೆ ತಲಪುತ್ತದೆ. ಒಂದು ಕಾಲುಚೀಲ ಮುಗಿಯುವದರೊಳಗೆ ಪೆಟ್ಟಿಗೆ ತುಂಬುತ್ತದೆ. ಬದುಕಿರುವ ತನಕ ಹೆಣೆದರೂ ತೀರದ ಸಂಗ್ರಹಕ್ಕೆ ಇಂಗ್ಲಿಷ್ ಮಾತಾಡುವ ಹೆಣಿಗೆಗಾರರು ಹಾಸ್ಯವಾಗಿ ಒಂದು ಹೆಸರನ್ನೇ ಇಟ್ಟಿದ್ದಾರೆ.

ಕೊಳ್ಳುವವರ ಪಕ್ಷದಲ್ಲಿಯೂ ನ್ಯಾಯವಾದ ಮಾತುಂಟು. ಒಂದೇ ಸಾರಿ ಬಣ್ಣದಲ್ಲಿ ಅದ್ದಿದ ಉಣ್ಣೆಗೂ ಮತ್ತೊಂದು ಸಾರಿ ಅದ್ದಿದ್ದಕ್ಕೂ ಸ್ವಲ್ಪ ವ್ಯತ್ಯಾಸ ಬೀಳುತ್ತದೆ. ಆದಕಾರಣ ಒಂದು ಅಂಗಿಗೆ ಬೇಕಾದಷ್ಟನ್ನು ಒಟ್ಟಿಗೆ ಕೊಳ್ಳುವದೂ, ಕೊರತೆ ಬಾರದಂತೆ ಒಂದು ಉಂಡೆ ಹೆಚ್ಚು ತರುವದೂ ಬುದ್ಧಿವಂತಿಕೆಯೇ. ಸ್ವಂತ ದುಡಿಮೆಯ ಹಣದಿಂದ ನಿರ್ದೋಷವಾದ ಸಂತೋಷವನ್ನು ಪಡೆಯುವದು ಪಾಪವೆಂದು ಯಾರೂ ಹೇಳಲಾರರು. ಹಾಗಾದರೆ ಮೇರೆ ಎಲ್ಲಿ?

ಲೆಕ್ಕ ಮಾಡಿ ನೋಡೋಣ. ದೊಡ್ಡವರ ಕಾಲುಚೀಲವನ್ನು ತೆಳುವಾದ ಉಣ್ಣೆಯಿಂದ ಹೆಣೆಯುವಾಗ ಒಂದು ಸುತ್ತಿಗೆ 64 ಕುಣಿಕೆಗಳೆಂದೂ ಒಂದು ಕಾಲಿಗೆ 150 ಸುತ್ತುಗಳೆಂದೂ ಇಟ್ಟುಕೊಂಡರೆ, ಜೊತೆಗೆ 19,200 ಕುಣಿಕೆಗಳಾಗುವವು. ನಿಮಿಷಕ್ಕೆ 20 ಕುಣಿಕೆ ಹಾಕುವ ಕೈಗೆ ಇದು 16 ತಾಸುಗಳ ಕೆಲಸ. ಇದಕ್ಕೆ ತಗಲುವ ಉಣ್ಣೆ ಹೆಚ್ಚುಕಡಿಮೆ 100 ಗ್ರಾಂ. ದಿನಾಲು ಸಂಜೆ ಒಂದು ತಾಸು ತಪ್ಪದೆ ಕೂತರೂ ವರುಷಕ್ಕೆ 22 ಜೊತೆ, ಅಂದರೆ ಎರಡೂಕಾಲು ಕಿಲೋ ಉಣ್ಣೆ. ದಪ್ಪ ದಾರವಾದರೆ ಬೇಗ ತೀರೀತು. ಆದರೂ ಲೆಕ್ಕದ ರೀತಿ ಒಂದೇ. ಹತ್ತು ಕಿಲೋ ಇಂಥ ಉಣ್ಣೆಯನ್ನು ಕೊಂಡವಳು ನಾಲ್ಕು ವರುಷಗಳಿಗೆ ಮಿಕ್ಕ ಸಂಜೆಗಳನ್ನು ಕೊಂಡೆನೆಂದು ಎಣಿಸುತ್ತಾಳೆ. ಆದರೆ ಅಂಗಡಿಯವನು ಮಾರಿದ್ದು ಉಣ್ಣೆಯನ್ನು ಮಾತ್ರ. ಸಂಜೆಗಳು ಅವನ ತಕ್ಕಡಿಯಲ್ಲಿ ಇರಲಿಲ್ಲ.

ಮೋಸವಿರುವದು ಇಲ್ಲಿಯೇ. ಎರಡೆಕರೆ ಹೊಲವುಳ್ಳ ರೈತನು ಹತ್ತೆಕರೆಗೆ ಬೀಜ ಕೊಂಡರೆ ಅವನು ದೊಡ್ಡ ರೈತನಾಗುವನೋ? ಬೀಜ ಹುಳ ಹಿಡಿಯುವದು, ಸಾಲ ಉಳಿಯುವದು. ಹಾಗೆಯೇ ಉಣ್ಣೆಗೂ ನುಸಿ ಹತ್ತುತ್ತದೆ. ಪಡೆಯುವ ಸಂತೋಷವು ಬೇರೆ, ಮಾಡುವ ಸಂತೋಷವು ಬೇರೆ. ಮೊದಲನೆಯದು ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗುತ್ತದೆ. ಎರಡನೆಯದು ತಾಳ್ಮೆಯನ್ನು ಕೇಳುತ್ತದೆ. ಹೊಸ ಉಂಡೆಯನ್ನು ಕೈಯಲ್ಲಿ ಹಿಡಿದಾಗ, ಅದರಿಂದಾಗುವ ಅಂಗಿಯನ್ನು ಆಗಲೇ ಹೆಣೆದು ಮುಗಿಸಿದ ಹಾಗೆ ಮನಸ್ಸು ತೃಪ್ತಿಗೊಳ್ಳುತ್ತದೆ. ಹೀಗೆ ತೃಪ್ತಿಯಾದ ಮನಸ್ಸಿಗೆ ಮಾಡುವ ಹಸಿವೆ ಇರುವದಿಲ್ಲ. ಕೈಕೆಲಸವನ್ನು ಪ್ರೀತಿಸುವೆನೆಂದು ಹೇಳುತ್ತಲೇ ಕೈಯನ್ನು ಬರಿದಾಗಿ ಇಡುವದಕ್ಕೆ ಇದೇ ಕಾರಣ.

ಮೇರೆ ದಾಟಿತೆಂಬದಕ್ಕೆ ಗುರುತು ಏನು? ಹಣದ ಮೊತ್ತದಿಂದ ಮಾತ್ರ ಇದನ್ನು ತೀರ್ಮಾನಿಸಲಾಗದು; ಒಬ್ಬರಿಗೆ ಅಲ್ಪವಾದದ್ದು ಇನ್ನೊಬ್ಬರಿಗೆ ಮಕ್ಕಳ ಶಾಲೆಯ ಫೀಜು. ಮರೆಮಾಚುವದೇ ಗುರುತು. ತಂದ ಚೀಲವನ್ನು ಗಂಡನಿಗೆ ಕಾಣದಂತೆ ಮಂಚದ ಕೆಳಗೆ ತಳ್ಳಿದ ದಿನ, ಇಲ್ಲವೆ ಕೊಟ್ಟ ಕ್ರಯವನ್ನು ಅರ್ಧಮಾಡಿ ಹೇಳಿದ ದಿನ, ನಮ್ಮ ಮನಸ್ಸಾಕ್ಷಿಯು ತೀರ್ಪು ಕೊಟ್ಟಾಗಿದೆ; ನಾವು ಅದನ್ನು ಕೇಳಲೊಲ್ಲದೆ ಇದ್ದೇವೆ, ಅಷ್ಟೇ. ಗಂಡಸರೂ ನಗಬೇಕಾದದ್ದಿಲ್ಲ. ಓದದ ಪುಸ್ತಕಗಳನ್ನು ಕೂಡಿಸುವವರಿಗೂ, ಉಪಯೋಗಿಸದ ಹತ್ಯಾರುಗಳನ್ನು ಗೋಡೆಗೆ ತೂಗಹಾಕುವವರಿಗೂ ಇದೇ ಮಾತು ಸಲ್ಲುತ್ತದೆ.

ಹಾಗೆಂದು ಕಡ್ಡಿಗಳನ್ನು ಮುರಿದು ಒಲೆಗೆ ಹಾಕಬೇಕೆಂದು ನಾವು ಹೇಳುವದಿಲ್ಲ. ರೋಗವು ಕೊಳ್ಳುವದರಲ್ಲಿದೆ, ಹೆಣೆಯುವದು ಅದಕ್ಕೆ ಮದ್ದು. ಮನೆಯಲ್ಲಿರುವದನ್ನು ತೂಗಿ, ಅದಕ್ಕೆ ಎಷ್ಟು ಸಂಜೆಗಳು ಬೇಕೆಂದು ಕಾಗದದ ಮೇಲೆ ಬರೆಯಿರಿ. ಕೈಯಲ್ಲಿರುವದು ಮುಗಿದ ಮೇಲೆಯೇ ಮತ್ತೊಂದಕ್ಕೆ ದಾರ ಕೊಳ್ಳಿರಿ. ತೀರದಷ್ಟು ಉಳಿದಿದ್ದರೆ, ಕಲಿಯಲು ಇಷ್ಟವಿದ್ದೂ ದಾರಕ್ಕೆ ಗತಿಯಿಲ್ಲದ ಒಬ್ಬ ಹುಡುಗಿಗೆ ಅದನ್ನು ಕೊಟ್ಟು, ಹತ್ತಿರ ಕೂತು ಕಲಿಸಿರಿ. ಪೆಟ್ಟಿಗೆಯಲ್ಲಿ ನುಸಿಗಾಗಿ ಕಾದಿದ್ದ ಉಣ್ಣೆ ಆಗ ಒಬ್ಬಳ ಕಸುಬಾಗುವದು.

ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ನಿಂತು ಪೇತ್ರನಿಗೆ ತೋರಿಸಿದ್ದು ಏನು? ಆಕೆ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಉಡುಪುಗಳನ್ನೂ. ಆಕೆಯ ಮನೆಯಲ್ಲಿ ಕತ್ತರಿಸದೆ ಉಳಿದ ಬಟ್ಟೆ ಇದ್ದಿರಬಹುದು. ಅದನ್ನು ಯಾರೂ ತಂದು ತೋರಿಸಲಿಲ್ಲ. ವಾಚಕರೇ, ನಮ್ಮ ಪೆಟ್ಟಿಗೆಯಲ್ಲಿ ಏನು ತುಂಬಿದೆ ಎಂದು ಎಣಿಸುವದಕ್ಕಿಂತ ನಮ್ಮ ಕೈಯಿಂದಾದ ಬಟ್ಟೆಯು ಯಾರ ಮೈಯನ್ನು ಬೆಚ್ಚಗಿಟ್ಟಿದೆ ಎಂದು ಕೇಳಿಕೊಳ್ಳುವದು ಮೇಲು.